ನಿಂತಿದೆ, ಸರಿ

"ನಿಮ್ಮ ಕೈ ಹಾಕಿ ಅಂದೆ. ನನ್ನ ಕೈಯೇ ಯಾಕೆ ಬೇಕು? ನಿಮಗೂ ಎರಡು ಕೈ ಇವೆ, ಹತ್ತು ಬೆರಳೂ ನೆಟ್ಟಗಿವೆ. ಹಾಕಿ, ನೋಡೋಣ."

ಮೊಗಿ ಇದನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಕುರಾಶಿನಾನಿಗೆ ಅನುಕೂಲವಾಗುತ್ತಿತ್ತು. ಕೂಗುವವರ ಮುಂದೆ ತಲೆ ತಗ್ಗಿಸಿ ನಿಂತರೆ ಸಾಕು, ಉಸಿರು ಮುಗಿದ ಮೇಲೆ ಅವರೇ ಸುಮ್ಮನಾಗುತ್ತಾರೆ. ನೌಕರಿಗೆ ಸೇರಿದಾಗಿನಿಂದ ಅವನು ಎಲ್ಲ ಜಗಳಗಳನ್ನೂ ಹಾಗೆಯೇ ದಾಟಿದ್ದ. ಇವಳು ಮೇಜಿನ ಮೇಲಿನ ಸ್ಕ್ರೂಡ್ರೈವರ್ ಕೇಳುವ ದನಿಯಲ್ಲಿ ಕೇಳಿ, ಉತ್ತರಕ್ಕೆ ಕಾಯುತ್ತ ನಿಂತಳು. ಬಲಗೈಯ ನಡುಬೆರಳಿಗೆ ಚರ್ಮದ ಬಣ್ಣದ ರಬ್ಬರ್ ಟೊಪ್ಪಿ ಹಾಕಿಕೊಂಡಿದ್ದಳು. ಆ ಬೆರಳು ಉಳಿದವುಗಳ ಪಕ್ಕದಲ್ಲಿ ಗಿಡ್ಡವಾಗಿ, ಬೇರೆ ಯಾರದೋ ಕೈಯಿಂದ ತಂದು ಅಂಟಿಸಿದಂತೆ ಕಾಣುತ್ತಿತ್ತು.

"ಬೆಳಗ್ಗೆ ಬೆಳಗ್ಗೆ ಯಾಕೆ ಮೊಗಿ ಸಾನ್ ಇದೆಲ್ಲ," ಎಂದ ಅರಾಯಿ. ಅರಾಯಿ ವಿಭಾಗದ ಮುಖ್ಯಸ್ಥ, ಕುರಾಶಿನಾನಿಗಿಂತ ಹತ್ತು ವರ್ಷ ಚಿಕ್ಕವನು. ಚಿಕ್ಕವನಾದ್ದರಿಂದಲೇ ಮಾತಿಗೆ ಒಂದು ಪದರ ಹೆಚ್ಚು ಮರ್ಯಾದೆ ಸವರುತ್ತಿದ್ದ. ಆ ಮರ್ಯಾದೆ ತಣ್ಣಗಿನ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು.

"ಬೆಳಗ್ಗೆ ಬಿಟ್ಟು ಇನ್ಯಾವಾಗ? ಮಧ್ಯಾಹ್ನ ಅವರೆಲ್ಲ ಬಂದು ಸಾಲಾಗಿ ನಿಂತ ಮೇಲೆ ಕೇಳ್ಲಾ?"

"ಕುರಾಶಿನಾ ಸಾನ್ ಎಲ್ಲಾ ಸರಿ ಮಾಡಿದಾರೆ. ರಿಲೇ ಕೂರಿಸಿದಾರೆ. ಫಲಕಾನೂ ಬರೆಸಿ ಹಾಕಿದೀವಿ. ಇನ್ನೇನು ಬೇಕು ನಿಮಗೆ?"

"ಫಲಕ ಓದಿದೆ. ಚೆನ್ನಾಗಿದೆ, ಅಕ್ಷರ ದಪ್ಪ ಇದೆ. ಏನು ಮಾಡೋದು, ನನ್ನ ಬೆರಳಿಗೆ ಓದೋಕೆ ಬರಲ್ವಲ್ಲ."

ಅರಾಯಿ ನಗಬೇಕೋ ಬೇಡವೋ ತಿಳಿಯದೆ ಗಡಿಯಾರ ನೋಡಿ, ಮೀಟಿಂಗ್ ಇದೆ ಎಂದು ಹೋದ. ಬಾಗಿಲು ತೆರೆದಾಗ ಬೆಟ್ಟದ ಕಡೆಯ ಒಣಗಾಳಿ ಒಳನುಗ್ಗಿ ಗೋಡೆಯ ಮೇಲಿನ ಹೊಸ ಫಲಕವನ್ನು ಪಟಪಟ ಬಡಿಯಿತು. 'ಬೆರಳು ಕಂಪ್ಯೂಟರ್ ಪರದೆಗಲ್ಲ, ಯಂತ್ರಕ್ಕೆ ತೋರಿಸಿ. ದೊಡ್ಡ ದನಿಯಲ್ಲಿ ಹೇಳಿ. ಮರುದನಿ ಬಂದ ಮೇಲೆಯೇ ಕೈ ಹಾಕಿ.' ಬರೆದವನು ಕುರಾಶಿನಾನೇ. ಬರೆಯುವಾಗ ಏನೂ ಅನ್ನಿಸಿರಲಿಲ್ಲ. ಈಗಲೂ ಅನ್ನಿಸಲಿಲ್ಲ. ಫಲಕದ ಒಂದು ಮೂಲೆಯ ಅಂಟು ಬಿಟ್ಟಿದೆ, ಅಂಟಿಸಬೇಕು ಎಂದಷ್ಟೇ ಅನ್ನಿಸಿತು.

ಕೋಣೆಯ ನಡುವೆ ಯಂತ್ರ ನಿಂತಿತ್ತು. ಕೊನ್ಯಾಕು ಕತ್ತರಿಸುವ ಯಂತ್ರ. ಗೆಡ್ಡೆಯ ಹಿಟ್ಟನ್ನು ಕುದಿಸಿ ಹೆಪ್ಪುಗಟ್ಟಿಸಿದ ಬೂದುಬಣ್ಣದ ಆ ಗಟ್ಟಿ, ಮುಟ್ಟಿದರೆ ಅಲುಗುತ್ತದೆ, ರುಚಿಯೆಂಬುದು ಹೆಸರಿಗೂ ಇಲ್ಲ, ಈ ಸೀಮೆಯವರು ಅದನ್ನು ತಿಂದೇ ಬೆಳೆಯುತ್ತಾರೆ. ಉಕ್ಕಿನ ಕಾಲುವೆಯಲ್ಲಿ ಗಟ್ಟಿಯನ್ನಿಟ್ಟರೆ ಹಿಂದಿನಿಂದ ಒಂದು ಹಲಗೆ ಬಂದು ಅದನ್ನು ಕತ್ತರಿಸುವ ತಂತಿಗಳ ಕಡೆಗೆ ತಳ್ಳಬೇಕು. ತಂತಿಗಳನ್ನು ಸದ್ಯಕ್ಕೆ ಬಿಚ್ಚಿಟ್ಟಿದ್ದರು. ಹಲಗೆಗೆ ಎಲ್ಲಿ ಓಡು, ಎಲ್ಲಿ ನಿಧಾನಿಸು, ಎಲ್ಲಿ ನಿಲ್ಲು ಎಂದು ಹೇಳುವುದು ಉಗುರಿನಷ್ಟಗಲದ ಒಂದು ಚಿಪ್. ಚಿಪ್ಪಿಗೆ ಹೇಳಿಕೊಡುವುದು ಕುರಾಶಿನಾನ ಕೆಲಸ. ಕೊಳ್ಳುವ ಕಾರ್ಖಾನೆಯವರು ಮಧ್ಯಾಹ್ನ ಬರುವವರಿದ್ದರು. ಮೊಗಿಯ ಬೆರಳಿನ ಅಪಘಾತದ ಸುದ್ದಿ ತಿಳಿದು, ಯಂತ್ರವನ್ನು ನಿಲ್ಲಿಸಿ ಒಳಗೆ ಸಿಕ್ಕ ಗಟ್ಟಿಯನ್ನು ಮನುಷ್ಯನ ಕೈ ತೆಗೆಯುವುದನ್ನು ಕಣ್ಣಾರೆ ಕಾಣುವವರೆಗೂ ಒಯ್ಯುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಒಯ್ಯದಿದ್ದರೆ ಈ ಕೋಣೆ ಇರುವುದಿಲ್ಲ. ಅರಾಯಿ ಅದನ್ನೂ ಬಹಳ ಮರ್ಯಾದೆಯಿಂದಲೇ ಹೇಳಿದ್ದ.

ಮೊಗಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಳು. ಮೈಯ ವಿದ್ಯುತ್ತು ಚಿಪ್ಪಿಗೆ ತಗಲದಿರಲೆಂದು ಕಟ್ಟಿಕೊಳ್ಳುವ ಪಟ್ಟಿ ಅದು, ಸುರುಳಿ ತಂತಿಯಿಂದ ಮೇಜಿಗೆ ಕಟ್ಟಿರುತ್ತದೆ. ಕಟ್ಟಿಕೊಂಡವರು ಗೂಟದ ಹಸುವಿನ ಹಾಗೆ ಅಷ್ಟರಲ್ಲೇ ಸುತ್ತಬೇಕು. ಅವಳು ಎಮ್ಯುಲೇಟರಿನ ಡಬ್ಬಿ, ಚಿಪ್ಪನ್ನು ಬೇಕಾದಲ್ಲಿ ತಡೆದು ನಿಲ್ಲಿಸಿ ಪರೀಕ್ಷಿಸುವ ಸಾಧನ, ಹೊರತೆಗೆದು, ಮೊದಲು ಅರ್ಥಿಂಗ್ ತಂತಿ, ಆಮೇಲೆ ಚಪ್ಪಟೆ ತಂತಿ, ಕೊನೆಗೆ ಕರೆಂಟು, ಹೀಗೆ ಜೋಡಿಸುತ್ತ ಹೋದಳು. ಈ ಕ್ರಮ ತಪ್ಪಿದರೆ ಚಿಪ್ ಸುಟ್ಟುಹೋಗುತ್ತದೆ. ಹೊಗೆ ಬರುವುದಿಲ್ಲ, ಸದ್ದಾಗುವುದಿಲ್ಲ, ಸುಮ್ಮನೆ ಸತ್ತಿರುತ್ತದೆ. ಗಿಡ್ಡ ಬೆರಳು ತಂತಿಯ ಮೇಲೆ ಕೂರದೆ ಎರಡು ಸಲ ಜಾರಿತು. ಕುರಾಶಿನಾ ಸಹಾಯಕ್ಕೆ ಕೈ ಚಾಚಬೇಕೆಂದುಕೊಂಡ, ಚಾಚಲಿಲ್ಲ. ಬೋರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ ಇತ್ತು. ಎಮ್ಯುಲೇಟರ್ ಕಟ್ಟಿ ಪರೀಕ್ಷೆಗೆ ಬಳಸಿದ ಬೋರ್ಡು ಈ ಕಟ್ಟಡ ಬಿಟ್ಟು ಹೊರಗೆ ಹೋಗಬಾರದು. ಅಳಿಸಿ ಬರೆದು ಅಳಿಸಿ ಬರೆದು ಅದರ ನೆನಪು ಸವೆದಿರುತ್ತದೆ, ಯಾವತ್ತು ಕೈಕೊಡುತ್ತದೋ ಹೇಳಲಾಗದು. ಚುಕ್ಕೆಗೆ ಕಂಪನಿ ಬಣ್ಣ ಕೊಟ್ಟಿರಲಿಲ್ಲ. ಮೊಗಿ ತನ್ನ ಉಗುರುಬಣ್ಣದಿಂದ ಹಚ್ಚುತ್ತಿದ್ದಳು, ಬೋರ್ಡಿಗೊಂದು ಹಚ್ಚಿ ಉಳಿದದ್ದನ್ನು ತನ್ನ ನಡುಬೆರಳಿನ ಉಗುರಿಗೆ ಒರೆಸಿಕೊಳ್ಳುತ್ತಿದ್ದಳು. ಈ ಬೋರ್ಡಿನ ಚುಕ್ಕೆ ಅಪಘಾತಕ್ಕಿಂತ ಹಿಂದಿನದು. ಆ ಉಗುರು ಈಗ ಇಲ್ಲ.

ಅಪಘಾತವಾದ ಮೇಲೆ ಆಸ್ಪತ್ರೆಯಲ್ಲಿ ಕುರಾಶಿನಾನೂ ಅರಾಯಿಯೂ ಕಪ್ಪು ಕೋಟು ಹಾಕಿಕೊಂಡು ಮಂಚದ ಬದಿಯಲ್ಲಿ ನಿಂತಿದ್ದರು. ಅರಾಯಿ ಎಷ್ಟು ಹೊತ್ತು ಬಗ್ಗಿರುತ್ತಾನೋ ಅಷ್ಟು ಹೊತ್ತು ಬಗ್ಗಿರಬೇಕೆಂದು ಅವನು ಓರೆಗಣ್ಣಿನಲ್ಲಿ ಅರಾಯಿಯ ಬೆನ್ನನ್ನೇ ನೋಡುತ್ತಿದ್ದ. ಕ್ಷಮೆಗೆಂದು ತಂದ ಹುರುಳಿ ಹೂರಣದ ಸಿಹಿಯ ಪೆಟ್ಟಿಗೆ, ಬಿಳಿ ಕಾಗದದ ಹೊದಿಕೆ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕೆಂಬ ರೂಢಿಗೆ ಮೊಗಿಯ ಎಡಗೈ ಬಂತು, ಬಲಗೈ ಬಟ್ಟೆಯ ಮುದ್ದೆಯಾಗಿ ಹಿಂದುಳಿಯಿತು. ಹಾಗೆ ಒಂಟಿ ಕೈಯಲ್ಲಿ ತೆಗೆದುಕೊಂಡದ್ದಕ್ಕೆ ಕ್ಷಮೆ ಕೇಳಿದವಳು ಅವಳು. ಅವರು ಹೊರಗೆ ಬಂದಾಗ ಅರಾಯಿ, ಒಳ್ಳೆಯ ಹೆಂಗಸು, ದೂರು ಕೊಡೋಳಲ್ಲ ಎಂದ. ಕುರಾಶಿನಾ ಹೌದು ಎಂದ. ಮನೆಗೆ ಹೋದ ಮೇಲೆ ಹೆಂಡತಿ ಏನೋ ಕೇಳಿದಳು, ಅದಕ್ಕೂ ಹೌದು ಎಂದ. ಅವಳು ಚಹಾದ ಬಟ್ಟಲು ಇಟ್ಟು, ನಾನು ಏನು ಕೇಳಿದೆ ಹೇಳಿ ನೋಡೋಣ ಎಂದಳು.

ಊಟದ ಕೋಣೆಯಲ್ಲಿ ಮೊಗಿ ಎಂದಿನಂತೆ ಅವನ ಎದುರಿಗೇ ಬಂದು ಕೂತಳು. ಖಾಲಿ ಮೇಜುಗಳಿದ್ದವು. ಅಭ್ಯಾಸದಿಂದ ಕೂತಳೋ, ಬೇಕೆಂದೇ ಕೂತಳೋ ಅವನಿಗೆ ತಿಳಿಯಲಿಲ್ಲ. ಅವಳು ಉದೋನ್ ಶಾವಿಗೆಯ ಬಿಸಿ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದುಕೊಂಡಳು. ಆವಿ ಏಳುತ್ತಿತ್ತು.

"ಸುಡಲ್ವಾ?" ಎಂದು ಅವನು ಕೇಳಿಬಿಟ್ಟ.

"ಒಂಬತ್ತಕ್ಕೆ ಸುಡುತ್ತೆ. ಇದಕ್ಕೆ ಸಾರೂ ಒಂದೇ, ಹಿಮಾನೂ ಒಂದೇ. ಸ್ಪರ್ಶ ವಾಪಸ್ ಬರುತ್ತೆ ಅಂತಾರೆ ಡಾಕ್ಟ್ರು. ತಪ್ಪಿಸ್ಕೊಂಡ ಬೆಕ್ಕು ಬಂದ ಹಾಗೆ ಬರುತ್ತಾ, ಬಾಗಿಲು ತೆಗೆದಿಟ್ಟಿರ್ಲಾ ಅಂತ ಕೇಳಿದೆ. ಅವರೂ ನಗಲಿಲ್ಲ."

"ಹಾಂ."

"ಹಾಂ ಅಂದ್ರೆ?"

"ಏನಿಲ್ಲ."

"ನಿಮ್ಮ ಹತ್ರ ಮಾತಾಡೋದಕ್ಕಿಂತ ಎಮ್ಯುಲೇಟರ್ ಹತ್ರ ಮಾತಾಡೋದು ವಾಸಿ. ಅದು ತಿರುಗಿ ದೀಪಾನಾದ್ರೂ ಮಿಟುಕಿಸುತ್ತೆ." ಅವಳು ಎಡಗೈಯಲ್ಲಿ ಕಡ್ಡಿ ಹಿಡಿದು ಒಂದೊಂದೇ ಎಳೆ ಎತ್ತುತ್ತ, ತಲೆ ಎತ್ತದೆ ಹೇಳಿದಳು: "ಅವತ್ತು ನೀವು ಆಡಿದ ಮಾತು ನಾನು ಯಾರಿಗೂ ಹೇಳಿಲ್ಲ."

ಅವನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಅವತ್ತು ಹಲಗೆ ಕಾರಣವಿಲ್ಲದೆ ನಡುದಾರಿಯಲ್ಲಿ ತಡವರಿಸುವ ದೋಷವನ್ನು ಇಬ್ಬರೂ ಹುಡುಕುತ್ತಿದ್ದರು. ಮೋಟಾರಿನ ಕರೆಂಟು ತೆಗೆದರೆ ದೋಷದ ಗುರುತೂ ಅಳಿಸಿಹೋಗುತ್ತದೆಂದು ಕರೆಂಟು ಇಟ್ಟುಕೊಂಡೇ, ಚಿಪ್ಪನ್ನು ಮಾತ್ರ ಎಮ್ಯುಲೇಟರಿನಿಂದ ಹಿಡಿದು ನಿಲ್ಲಿಸುತ್ತಿದ್ದರು. ಕುರಾಶಿನಾ ಕೀ ಒತ್ತಿದ. ಪರದೆಯಲ್ಲಿ, ಚಿಪ್ ಎಲ್ಲಿ ನಿಂತಿದೆ ಎಂದು ತೋರಿಸುವ ಹಳದಿ ಬಾಣ ಒಂದು ಸಾಲಿನ ಮೇಲೆ ಬಂದು ನಿಂತಿತು. ರೈಲಿನವರು, ಕಾರ್ಖಾನೆಯವರು, ಈ ದೇಶದಲ್ಲಿ ಕೆಲಸವೆಂದು ಮಾಡುವ ಎಲ್ಲರೂ ಮಾಡುವಂತೆ ಅವನೂ ತೋಳು ಚಾಚಿ, ಬೆರಳು ತೋರಿಸಿ, "ನಿಂತಿದೆ, ಸರಿ" ಎಂದು ಗಟ್ಟಿಯಾಗಿ ಹೇಳಿದ. "ನಿಂತಿದೆ, ಸರಿ" ಎಂದು ಮರುದನಿ ಕೊಟ್ಟು ಮೊಗಿ ಸಿಕ್ಕಿಕೊಂಡ ಗಟ್ಟಿಗೆ ಕೈ ಹಾಕಿದಳು. ನಿಂತದ್ದು ಚಿಪ್ಪಿನ ಬುದ್ಧಿ ಮಾತ್ರ. ಅದು ನಿಲ್ಲುವ ಮುಂಚೆ ಕೊಟ್ಟಿದ್ದ ಕೊನೆಯ ಅಪ್ಪಣೆಯನ್ನು ಮೋಟಾರು ನಡೆಸುತ್ತಲೇ ಇತ್ತು. ಸಾಕು ಎನ್ನಬೇಕಾದ ಬುದ್ಧಿಯನ್ನು ಅವನೇ ಹಿಡಿದಿಟ್ಟಿದ್ದ, ಚಿಪ್ ಸುಮ್ಮನಾದರೆ ಮೋಟಾರು ನಿಲ್ಲಿಸಲೆಂದು ಕಾವಲಿಗಿದ್ದ ಗಡಿಯಾರವೂ ಎಮ್ಯುಲೇಟರ್ ಹಿಡಿದಾಗ ನಿದ್ದೆ ಹೋಗುತ್ತದೆ. ಹಲಗೆ ಕೊನೆಯ ಗೇಣಿನಲ್ಲಿ ಬಸವನಹುಳುವಿನಂತೆ ಹೋಗುವುದು, ನೋಡಿದವರಿಗೆ ನಿಂತಂತೆಯೇ ಕಾಣುವುದು. ಇದೆಲ್ಲ ಎಮ್ಯುಲೇಟರಿನ ಜೊತೆ ಬರುವ ಎಚ್ಚರಿಕೆಯ ಪುಸ್ತಕದಲ್ಲಿದೆ, ಅವನು ಓದಿದ್ದಾನೆ, ಹೊಸಬರಿಗೆ ಪಾಠವನ್ನೂ ಹೇಳಿದ್ದಾನೆ. ಬೆರಳನ್ನು ಮಾತ್ರ ಪರದೆಗೆ ತೋರಿಸಿದ. ಎಷ್ಟೋ ವರ್ಷಗಳಿಂದ ಪರದೆಗೇ ತೋರಿಸುತ್ತಿದ್ದ. ವಿಚಾರಣೆಯಲ್ಲಿ ಐದು ಸಲ ಯಾಕೆ ಯಾಕೆ ಎಂದು ಕೇಳಿ ಅದನ್ನೇ ಕಾರಣವೆಂದು ಕಂಡುಹಿಡಿದು ಎಲ್ಲರೂ ಸಮಾಧಾನಪಟ್ಟುಕೊಂಡರು. ಆರನೆಯ ಸಲ ಯಾರೂ ಕೇಳಲಿಲ್ಲ. ಕೈ ಹಾಕಿದ ಮೇಲೆ ಮೊಗಿ, ಕಿರುಚದೆ, ಸ್ವಲ್ಪ ಆಶ್ಚರ್ಯದ ದನಿಯಲ್ಲಿ, "ಕುರಾಶಿನಾ ಸಾನ್, ಇದು ಚಲಿಸ್ತಾ ಇದೆ" ಎಂದಿದ್ದಳು. ಅವನು ಪರದೆಯಿಂದ ಕಣ್ಣು ಕೀಳದೆ, "ಇಲ್ಲ, ನಿಂತಿದೆ" ಎಂದಿದ್ದ.

ಕೆಂಪು ಗುಂಡಿ ಒತ್ತಿದ್ದೂ ಅವಳೇ, ಎಡಗೈಯಿಂದ. ಅವನ ಬೆರಳು ಆಗಲೂ ಹಳದಿ ಬಾಣದ ಕಡೆಗೇ ಚಾಚಿಕೊಂಡಿತ್ತು.

"ನಿಮ್ಮ ಮೇಲೆ ಕನಿಕರ ಬಂದು ಮುಚ್ಚಿಟ್ಟೆ ಅಂದ್ಕೋಬೇಡಿ," ಎಂದಳು ಮೊಗಿ. "ಹೇಳೋಕೆ ನಾಚಿಕೆ ನನಗೆ. ಚಲಿಸ್ತಾ ಇದೆ ಅಂತ ನನ್ನ ಬೆರಳೇ ಹೇಳ್ತಿತ್ತು. ನೀವು ಇಲ್ಲ ಅಂದ್ರಿ. ಒಂದು ಗಳಿಗೆ ನಾನು ಬೆರಳಿನ ಮಾತು ಬಿಟ್ಟು ನಿಮ್ಮ ಮಾತು ನಂಬಿದೆ. ಎಳ್ಕೊಳ್ಳಲಿಲ್ಲ. ಬೆರಳ ತುದಿ ಹೋಗಿದ್ದು ಆ ಗಳಿಗೇಲಿ."

ಅವನು ಅಗಿಯುವುದನ್ನು ಮುಂದುವರಿಸಿದ. ಏನಾದರೂ ಹೇಳಬೇಕಾದ ಜಾಗ ಇದು ಎಂದು ತಿಳಿಯುತ್ತಿತ್ತು. ಹೊಟ್ಟೆಯಲ್ಲಿ ಏನಾದರೂ ಹೊರಳುತ್ತದೆಯೋ ಎಂದು ಒಳಗೆ ನೋಡಿಕೊಂಡ. ಉದೋನ್ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಕ್ಷಮೆ ಕೇಳಬೇಡಿ. ಆ ಸಿಹಿ ಪೆಟ್ಟಿಗೆ ಇನ್ನೂ ಮನೇಲಿ ಇದೆ, ಗಟ್ಟಿಯಾಗಿದೆ, ಇಲಿ ಹೊಡೆಯೋಕಾಗುತ್ತೆ," ಎಂದು ಅವಳು ಬಟ್ಟಲು ಪಕ್ಕಕ್ಕಿಟ್ಟಳು. "ಅವರು ಬರೋಕೆ ಮುಂಚೆ ಒಂದು ಸಲ. ನಾನು ಕೀ ಒತ್ತಿ ಹೇಳ್ತೀನಿ, ನೀವು ಕೈ ಹಾಕಿ. ನನ್ನ ಮಾತಿನ ಮೇಲೆ. ಅಷ್ಟು ಮಾಡಿದ್ರೆ ಅವರ ಮುಂದೆ ನಾನೇ ಹಾಕ್ತೀನಿ, ನಗ್ತಾ ಹಾಕ್ತೀನಿ. ನಾಳೆಯಿಂದಾನೂ ಹಾಕ್ತೀನಿ. ಆಗಲ್ಲ ಅಂದ್ರೆ ನನ್ನ ಕೈಲೂ ಈ ಕೋಣೇಲಿ ಇರೋಕೆ ಆಗಲ್ಲ."

"ಆಯ್ತು," ಎಂದ ಕುರಾಶಿನಾ. ಇದರಲ್ಲಿ ಆಗದಿರುವಂಥದ್ದೇನೂ ಇರಲಿಲ್ಲ. ಯಂತ್ರ ಈಗ ನಿಲ್ಲುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಚಿಪ್ ಉಸಿರಾಡುವುದನ್ನು ಬಿಟ್ಟ ಕ್ಷಣವೇ ಮೋಟಾರಿನ ಸಾಲು ಕಡಿಯುವ ರಿಲೇ ಅವನೇ ಕೂರಿಸಿದ್ದು. ಹಿಂದಿನ ದಿನ ಅಂಗಡಿಯಿಂದ ಚಿಕುವಾ ತಂದಿದ್ದ, ಮೀನು ಅರೆದು ಕೊಳವೆಯಂತೆ ಸುಟ್ಟದ್ದು, ದಪ್ಪದಲ್ಲೂ ಮೆತ್ತನೆಯಲ್ಲೂ ಬೆರಳಿಗೆ ಅದಕ್ಕಿಂತ ಹತ್ತಿರದ್ದು ಸಿಕ್ಕಿರಲಿಲ್ಲ. ಅದನ್ನು ಕಾಲುವೆಯಲ್ಲಿ ಮತ್ತೆ ಮತ್ತೆ ಇಟ್ಟು, ಮತ್ತೆ ಮತ್ತೆ ನಿಲ್ಲಿಸಿ ನೋಡಿದ್ದ. ಹಲಗೆ ಒಮ್ಮೆಯೂ ಅದರ ಚರ್ಮ ಸುಕ್ಕಾಗಿಸಿರಲಿಲ್ಲ. ಕೆಲಸ ಮುಗಿದ ಮೇಲೆ ಕೈಯಲ್ಲಿ ಉಳಿದಿತ್ತೆಂದು ಅದನ್ನು ತಿಂದುಬಿಟ್ಟ. ತಿಂದು ಮುಗಿದ ಮೇಲೆ, ಏನನ್ನು ತಿಂದೆ ಎಂಬುದು ಹೊಳೆಯಿತು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಕೋಣೆಗೆ ಮರಳಿದಾಗ ಸೂರ್ಯ ಕಿಟಕಿಗೆ ಬಂದಿದ್ದ. ಮೊಗಿ ಪರದೆಯ ಮುಂದೆ ಅವನ ಕುರ್ಚಿಯಲ್ಲಿ ಕೂತು, ಮತ್ತೆ ಪಟ್ಟಿ ಕಟ್ಟಿಕೊಂಡು, ಕುರ್ಚಿಯ ಎತ್ತರವನ್ನು ತನಗೆ ಬೇಕಾದಷ್ಟು ಇಳಿಸಿಕೊಂಡಳು. ಅವನು ಯಂತ್ರದ ಬದಿಯಲ್ಲಿ, ಅವಳ ಜಾಗದಲ್ಲಿ ನಿಂತ. ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದರೂ ಇಲ್ಲಿಂದ ಅವನು ಯಂತ್ರವನ್ನು ನೋಡಿರಲಿಲ್ಲ. ಇಲ್ಲಿ ಎಣ್ಣೆಯ ವಾಸನೆ ಇತ್ತು, ಕಾಲಿನ ಕೆಳಗೆ ನೆಲ ನಡುಗುತ್ತಿತ್ತು, ಪರದೆ ಕಾಣುತ್ತಿರಲಿಲ್ಲ. ಪರದೆ ನೋಡುವವರ ಮುಖವಷ್ಟೇ ಕಾಣುತ್ತಿತ್ತು. ಹಾಗಾದರೆ ಅವತ್ತು ಅವಳಿಗೆ ಕಂಡಿದ್ದು ತನ್ನ ಮುಖ.

ಹಲಗೆ ಹೊರಟಿತು. ಓಡಿತು, ನಿಧಾನಿಸಿತು, ಕೊನೆಯ ಗೇಣಿಗೆ ಬಂದಿತು. ಮೊಗಿ ಕೀ ಒತ್ತಿದಳು. ರಿಲೇ ಟಕ್ ಎಂದಿತು. ಅವಳು ಪರದೆ ಬಿಟ್ಟು ಪೂರ್ತಿ ತಿರುಗಿ, ತೋಳನ್ನು ನೇರ ಚಾಚಿ, ಗಿಡ್ಡ ಬೆರಳಿರುವ ಆ ಕೈಯಿಂದಲೇ ಹಲಗೆಯನ್ನು ತೋರಿಸಿದಳು.

"ನಿಂತಿದೆ, ಸರಿ."

ಅವನು ಮರುದನಿ ಕೊಡಬೇಕಿತ್ತು. ಬಾಯಿ ತೆರೆದ. ಹಲಗೆ ನಿಂತಿದೆ ಎಂದು ಅವನಿಗೆ ಗೊತ್ತು. ರಿಲೇಯ ಸದ್ದು ಅವನೇ ಕೇಳಿದ್ದಾನೆ. ಕೈಗೆ ಹೋಗು ಎಂದ. ಕೈ ಕಾಲುವೆಯ ಅಂಚಿನವರೆಗೆ ಹೋಗಿ ಅಲ್ಲಿ ಉಳಿಯಿತು. ಭಯವಾಗುತ್ತಿದೆಯೇ ಎಂದು ನೋಡಿಕೊಂಡ. ಭಯವೂ ಇರಲಿಲ್ಲ. ಅಪ್ಪಣೆ ಹೊರಟದ್ದು ದಾರಿಯಲ್ಲಿ ಎಲ್ಲೋ ಮುಗಿದುಹೋಗುತ್ತಿತ್ತು, ಅಷ್ಟೆ. ಬೂದುಬಣ್ಣದ ಗಟ್ಟಿ ಒಂದು ಗೇಣು ದೂರದಲ್ಲಿ, ನೆಲದ ನಡುಕಕ್ಕೆ ಸಣ್ಣಗೆ ಅಲುಗುತ್ತಿತ್ತು. ಚಿಕ್ಕವನಿದ್ದಾಗ ನದಿಯ ಕಲ್ಲಿನ ಸಂದಿಗೆ ಕೈ ಹಾಕಿ ಮೀನು ಹಿಡಿಯುತ್ತಿದ್ದ, ಹಾವಿದ್ದೀತೆಂದು ಅಕ್ಕ ಕಿರುಚುತ್ತಿದ್ದಳು, ಅವನು ಹೆಗಲವರೆಗೂ ಹಾಕುತ್ತಿದ್ದ. ಈಗ ಯಾಕೆ ಅದು ನೆನಪಾಗಬೇಕು. ಮೊಗಿಯ ತೋಳು ಚಾಚಿಕೊಂಡೇ ಇತ್ತು.

"ನಿಂತಿದೆ," ಎಂದು ಅವಳು ಇನ್ನೊಮ್ಮೆ ಹೇಳಿದಳು. ಈ ಸಲದ್ದು ಕೆಲಸದ ದನಿಯಲ್ಲ. ನಿದ್ದೆಯಿಂದ ಯಾರನ್ನೋ ಎಬ್ಬಿಸುವಾಗ ಬರುವ ದನಿ. "ಕುರಾಶಿನಾ ಸಾನ್. ನಿಂತಿದೆ."

"ಗೊತ್ತು," ಎಂದ.

"ಗೊತ್ತಿದ್ರೆ?"

ಅವನು ತನ್ನ ಕೈಗಳನ್ನು ನೋಡಿದ. ಹತ್ತು ಬೆರಳೂ ನೆಟ್ಟಗಿದ್ದವು.

ಅವಳು ತೋಳು ಇಳಿಸಿದಳು. ಸ್ವಲ್ಪ ಹೊತ್ತು ಮಡಿಲಿನಲ್ಲಿ ಆ ಕೈಯನ್ನು ಇನ್ನೊಂದರಿಂದ ತಿಕ್ಕಿಕೊಳ್ಳುತ್ತ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡ, ಬೈದರೆ ಒಳ್ಳೆಯದು ಎಂದುಕೊಂಡ. ಅವಳು ಮಣಿಕಟ್ಟಿನ ಪಟ್ಟಿಯ ಗುಂಡಿ ಬಿಚ್ಚಿದಳು. ಬಿಚ್ಚಿದರೂ ಅದು ಮಣಿಕಟ್ಟಿನ ಆಕಾರದಲ್ಲೇ ಮೇಜಿನ ಮೇಲೆ ನಿಂತಿತು.

"ಊಟದ ದುಡ್ಡು ಕೊಟ್ಟಿದೀನಿ," ಎಂದಳು. ಬಾಗಿಲ ಹತ್ತಿರ ತಿರುಗಿ, ಕೋಣೆಗೆ ಎಂಬಂತೆ ಒಮ್ಮೆ ಬಾಗಿ, ಹೊರಗೆ ಹೋದಳು. ಗಾಳಿ ಫಲಕವನ್ನು ಮತ್ತೆ ಬಡಿಯಿತು. ಸ್ವಲ್ಪ ಹೊತ್ತಿನಲ್ಲಿ ಕಿಟಕಿಯಾಚೆ ಅವಳ ಸೈಕಲ್ ಕಂಡಿತು. ಎದುರುಗಾಳಿಗೆ ಕೂತು ತುಳಿಯಲಾಗದೆ ಎದ್ದು ನಿಂತು ತುಳಿಯುತ್ತಿದ್ದಳು. ಹಿಡಿಕೆಯ ಮೇಲೆ ಒಂದು ಬೆರಳು ಮಾತ್ರ ಮೇಲೆದ್ದಿತ್ತು. ಅವನು ಯಂತ್ರದ ಬದಿಯಲ್ಲೇ ನಿಂತಿದ್ದ. ಚಿಪ್ಪನ್ನು ಅವಳು ನಿಲ್ಲಿಸಿ ಹೋಗಿದ್ದಾಳೆ, ಓಡಿಸಲು ಬರಬೇಕಲ್ಲ ಎಂದುಕೊಂಡ.

ಬಂದವರು ಅರಾಯಿ ಮತ್ತು ಕಾರ್ಖಾನೆಯವರು. ಬಿಳಿ ಟೊಪ್ಪಿ, ಕಾಲಿಗೆ ಅತಿಥಿಗಳ ಸ್ಲಿಪ್ಪರ್. ಬಾಗಿದರು, ಹೆಸರಿನ ಚೀಟಿ ಕೊಟ್ಟು ತೆಗೆದುಕೊಂಡರು, ಗಾಳಿಯ ಬಗ್ಗೆ ಮಾತಾಡಿದರು.

"ಮೊಗಿ ಸಾನ್ ಎಲ್ಲಿ?" ಎಂದ ಅರಾಯಿ, ಅತಿಥಿಗಳ ಕಡೆಗೆ ನಗುತ್ತಲೇ.

"ಹೋದ್ರು."

"ಬರ್ತಾರೆ ತಾನೆ?"

"ಇಲ್ಲ."

ಅರಾಯಿಯ ನಗು ಮುಖದ ಮೇಲೆ ಹಾಗೆಯೇ ಉಳಿಯಿತು. "ಪರವಾಗಿಲ್ಲ, ಪರವಾಗಿಲ್ಲ. ನಾನು ಕೂರ್ತೀನಿ, ನೀವು ಕೈ ಹಾಕಿ. ಎಲ್ಲಿ, ಯಾವ ಕೀ?" ಅವನು ಕೂತ, ಇಳಿಸಿದ ಕುರ್ಚಿಯಲ್ಲಿ ಮೊಣಕಾಲು ಮೇಜಿಗೆ ತಾಗಿತು. ಹಲಗೆ ಓಡಿತು, ನಿಧಾನಿಸಿತು. ಅರಾಯಿ ಕೀ ಒತ್ತಿದ. ಹಳದಿ ಬಾಣ ಬಂದಿರಬೇಕು, ಅವನ ಕಣ್ಣು ಅರಳಿತು. ತೋಳು ಚಾಚಿ, ಗೋಡೆಯ ಫಲಕ ಕೇಳಿದಷ್ಟು ದೊಡ್ಡ ದನಿಯಲ್ಲಿ, ಪರದೆಗೆ ಬೆರಳು ತೋರಿಸಿ ಹೇಳಿದ:

"ನಿಂತಿದೆ, ಸರಿ."

ರಿಲೇಯ ಸದ್ದಿಗೆ ಕುರಾಶಿನಾ ಕಿವಿಗೊಟ್ಟಿರಲಿಲ್ಲ. ಅತಿಥಿಗಳ ಸ್ಲಿಪ್ಪರುಗಳ ಸದ್ದಿನಲ್ಲಿ ಟಕ್ ಎಂದಿತೋ ಇಲ್ಲವೋ. ಹಲಗೆಯನ್ನೂ ನೋಡಲಿಲ್ಲ. ಅರಾಯಿಯ ಬೆರಳು ಎತ್ತ ತೋರಿಸುತ್ತಿದೆ ಎಂಬುದನ್ನು ನೋಡಿದ, ಚೆನ್ನಾಗಿ ನೋಡಿದ. "ನಿಂತಿದೆ, ಸರಿ" ಎಂದು ಅವನ ಬಾಯಿ ಹೇಳಿತು. ಕೈ ಒಳಗೆ ಹೋಗಿತ್ತು.

ಎಷ್ಟು ಸುಲಭವಾಗಿ ಹೋಯಿತು. ಮಣಿಕಟ್ಟು ದಾಟಿ, ಗಟ್ಟಿಯನ್ನು ಸುತ್ತಿ ಹಿಡಿದು, ಎತ್ತಿ, ತಟ್ಟೆಯ ಮೇಲೆ ಇಟ್ಟಿತು. ಗಟ್ಟಿ ಅಲುಗಿ ಸುಮ್ಮನಾಯಿತು. ಅತಿಥಿಗಳಲ್ಲಿ ಹಿರಿಯವನು, "ಇಷ್ಟೇನಾ?" ಎಂದ. ಅರಾಯಿ, "ಇಷ್ಟೇ" ಎಂದ. ಎಲ್ಲರೂ ತಲೆಯಾಡಿಸಿದರು. ಗೋಡೆಯ ಮೇಲೆ ದಪ್ಪ ಅಕ್ಷರ ಗಾಳಿಗೆ ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಅತ್ತ ನೋಡಲಿಲ್ಲ.

ಅವರನ್ನು ಬೀಳ್ಕೊಡಲು ಅವನೂ ಬಾಗಿಲಿನವರೆಗೆ ಹೋದ. ಅತಿಥಿಗಳು ತಂತಮ್ಮ ಬೂಟು ಹಾಕಿಕೊಳ್ಳುವವರೆಗೆ ಬಗ್ಗಿ ನಿಂತ, ಅರಾಯಿ ಏಳುವವರೆಗೂ ಏಳಲಿಲ್ಲ. ಬಗ್ಗಿದ ಕಣ್ಣಿಗೆ ಚಪ್ಪಲಿ ಗೂಡುಗಳು ನೇರವಾಗಿದ್ದವು. ಮೊಗಿಯ ಗೂಡಿನಲ್ಲಿ ಹೊರಗೆ ಹಾಕುವ ಜೋಡಿನ ಜಾಗದಲ್ಲಿ ಅವಳ ಕೆಲಸದ ಬಿಳಿ ಬೂಟುಗಳು ಪಕ್ಕಪಕ್ಕ ಇದ್ದವು. ಲೇಸನ್ನು ಪೂರ್ತಿ ಬಿಚ್ಚಿ ತೆಗೆದು, ಸುತ್ತಿ, ಒಂದರೊಳಗೆ ಇಟ್ಟಿದ್ದಳು. ಮಾರನೆಯ ದಿನ ಬಂದಾಗಲೂ ಅವು ಅಲ್ಲೇ ಇದ್ದವು. ವಸಂತದಲ್ಲಿ ಯಾರೋ ಗೂಡಿನ ಹೆಸರಿನ ಪಟ್ಟಿ ಬದಲಿಸುವವರೆಗೂ ಇದ್ದವು.